ಬಿಸಿಲಲ್ಲಿ ಬೆಟ್ಟ ಹತ್ತುವ ಸೈಕಲ್: ಸಂಡೂರಿನ ಏರಿಗೆ ಒಬ್ಬರೇ ಹೊರಡುವವರಿಗೆ

(ಬಳ್ಳಾರಿಯಲ್ಲಿ ಸೈಕಲ್ ಸವಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯಿಂದ ಸಂಡೂರಿನ ಬೆಟ್ಟಕ್ಕೆ ಸೈಕಲ್ಲಿನಲ್ಲಿ ಒಬ್ಬರೇ ಹೋಗಿಬರಬೇಕು ಎಂದುಕೊಳ್ಳುವವರ ಲೆಕ್ಕ ಬಹುಮಟ್ಟಿಗೆ ಒಂದೇ ಥರ ಇರುತ್ತದೆ. ತೋರಣಗಲ್ಲಿನ ಮೇಲೆ ಹೋದರೆ ಸಂಡೂರು ಐವತ್ತು-ಅರವತ್ತು ಕಿಲೋಮೀಟರ್. ಗಂಟೆಗೆ 18ರಂತೆ ತುಳಿದರೆ ಮೂರು ಗಂಟೆಯ ದಾರಿ. ಬೆಳಿಗ್ಗೆ 5ಕ್ಕೆ ಬಿಟ್ಟರೆ 8ಕ್ಕೆಲ್ಲ ಸಂಡೂರು. ಅಲ್ಲಿ ತಿಂಡಿ ಮುಗಿಸಿ ಕುಮಾರಸ್ವಾಮಿ ಬೆಟ್ಟದ ಕಡೆ ಹತ್ತುವುದು, ಮಧ್ಯಾಹ್ನದೊಳಗೆ ಇಳಿಯುವುದು. ಕಾಗದದ ಮೇಲೆ ಇದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ಆದರೆ ಈ ಲೆಕ್ಕದಲ್ಲಿ ದಿನದ ತಂಪು ಹೊತ್ತೆಲ್ಲ ಎರೆಹೊಲದ ನಡುವಿನ ಸಮತಟ್ಟು ರಸ್ತೆಗೆ ಖರ್ಚಾಗುತ್ತದೆ. ಏರು ಶುರುವಾಗುವುದು 9ಕ್ಕೆ, ಮುಗಿಯುವುದು 11ಕ್ಕೆ. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿ ಸೀಮೆಯ 11 ಗಂಟೆ ಎಂದರೆ ಏನೆಂದು ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ಇವತ್ತು ಹೇಳುವುದೆಲ್ಲ ಒಂದೇ ಮಾತಿನ ಸುತ್ತ: ಮೊದಲು ಏರಿಗೆ ಮುಹೂರ್ತ ಇಡಿ, ಮಿಕ್ಕದ್ದನ್ನೆಲ್ಲ ಅದರ ಸುತ್ತ ಹೊಂದಿಸಿ. ನೀರು, ಊಟ, ಗೇರು, ಬ್ರೇಕು, ರಾತ್ರಿ ಮಲಗುವ ಊರು ಎಲ್ಲವೂ ಆ ಮುಹೂರ್ತದಿಂದ ತೀರ್ಮಾನವಾಗುತ್ತವೆ.

ಏರಿನಲ್ಲಿ ಏಕೆ ಇಷ್ಟು ಬೇಯುತ್ತದೆ

ಒಂದು ಲೆಕ್ಕ ಮಾಡೋಣ. ಸವಾರ 68 ಕಿಲೋ, ಸೈಕಲ್ 14 ಕಿಲೋ, ನೀರು ಮತ್ತು ಸಾಮಾನು 8 ಕಿಲೋ, ಒಟ್ಟು 90 ಕಿಲೋ ಎಂದಿಟ್ಟುಕೊಳ್ಳಿ. 10 ಕಿಲೋಮೀಟರಿನಲ್ಲಿ 400 ಮೀಟರ್ ಮೇಲೇರಬೇಕು. 90 ಗುಣಿಸು 9.8 ಗುಣಿಸು 400 ಅಂದರೆ ಸುಮಾರು 3,53,000 ಜೂಲ್ ಕೆಲಸ. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹೋದರೆ 75 ನಿಮಿಷ ಬೇಕು. ಟೈರು ನೆಲಕ್ಕೆ ತಿಕ್ಕುವುದು, ಚೈನಿನ ಎಳೆತ ಎಲ್ಲ ಸೇರಿಸಿದರೆ ಪೆಡಲ್ ಮೇಲೆ ಬಿಡದೆ ಸುಮಾರು 100 ವ್ಯಾಟ್ ಹಾಕುತ್ತಿರಬೇಕು.

ನೂರು ವ್ಯಾಟ್ ದೊಡ್ಡದೇನೂ ಅನ್ನಿಸುವುದಿಲ್ಲ. ಆದರೆ ಮನುಷ್ಯನ ಸ್ನಾಯು ತಾನು ಉರಿಸಿದ ಶಕ್ತಿಯಲ್ಲಿ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗವನ್ನಷ್ಟೇ ಕೆಲಸವಾಗಿ ಕೊಡುತ್ತದೆ. ಉಳಿದದ್ದೆಲ್ಲ ಶಾಖ. ಪೆಡಲ್ಲಿಗೆ 100 ವ್ಯಾಟ್ ಹೋಗಬೇಕಾದರೆ ಒಳಗೆ ಸುಮಾರು 350 ವ್ಯಾಟ್ ಶಾಖ ಹುಟ್ಟುತ್ತದೆ. ಹಳೆಯ ಕಾಲದ 60 ವ್ಯಾಟಿನ ಬಲ್ಬುಗಳನ್ನು ಆರು ಉರಿಸಿ ಅಂಗಿಯೊಳಗೆ ಇಟ್ಟುಕೊಂಡ ಹಾಗೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯುತ್ತದೆ. ಅಂದರೆ ಈ 75 ನಿಮಿಷದ ಶಾಖಕ್ಕೇ ಮುಕ್ಕಾಲು ಲೀಟರಿನ ಹತ್ತಿರ ಬೆವರು ಬೇಕು. ಇದು ಬಿಸಿಲಿಲ್ಲದಾಗಿನ ಲೆಕ್ಕ. ನೆತ್ತಿಯ ಮೇಲೆ ಸೂರ್ಯ, ಕೆಳಗೆ ಕಾದ ಡಾಂಬರು ಸೇರಿದರೆ ಒಂದು ಲೀಟರ್ ದಾಟುವುದು ಸುಲಭ.

ಸಮತಟ್ಟಿನಲ್ಲಿ ಗಂಟೆಗೆ 20 ಕಿಲೋಮೀಟರ್ ಹೋಗುವಾಗ ನಿಮ್ಮ ವೇಗವೇ ನಿಮಗೆ ಬೀಸಣಿಗೆ. ಏರಿನಲ್ಲಿ ವೇಗ 7-8ಕ್ಕೆ ಇಳಿಯುತ್ತದೆ, ಮೈಗೆ ತಾಗುವ ಗಾಳಿಯೂ ಅಷ್ಟೇ ಆಗುತ್ತದೆ. ಹಿಂದಿನಿಂದ ಅಷ್ಟೇ ವೇಗದ ಗಾಳಿ ಬೀಸಿದರಂತೂ ಮುಖಕ್ಕೆ ಗಾಳಿಯೇ ಇಲ್ಲ. ಶಾಖ ಹೆಚ್ಚು ಹುಟ್ಟುವ ಹೊತ್ತಿನಲ್ಲೇ ಗಾಳಿ ಕಡಿಮೆ. ಬೆಟ್ಟದ ಸೈಕಲ್ ಸವಾರಿಯ ಕಷ್ಟವೆಲ್ಲ ಇಲ್ಲಿದೆ.

ಕಾಡಿದೆ, ನೆರಳಿರುತ್ತದೆ ಎಂಬ ನಂಬಿಕೆಯನ್ನೂ ಪಕ್ಕಕ್ಕಿಡಿ. ಸಂಡೂರಿನ ಗುಡ್ಡಗಳದ್ದು ಎಲೆ ಉದುರಿಸುವ ಕಾಡು. ಇಲ್ಲಿನ ಗಿಡಮರ ನೀರು ಉಳಿಸಿಕೊಳ್ಳಲು ಬೇಸಿಗೆಗೆ ಮೊದಲೇ ಬೋಳಾಗುತ್ತವೆ. ಮುತ್ತುಗ ಕೆಂಪಗೆ ಹೂ ಬಿಟ್ಟು ನಿಂತಿರುತ್ತದೆ, ನೋಡಲು ಕಣ್ಣು ಸಾಲದು, ಆದರೆ ಅದರ ಕೆಳಗೆ ಕೂತರೆ ಕೊಂಬೆಗಳ ಗೆರೆಯಷ್ಟೇ ನೆರಳು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಮಳೆ ಬಿದ್ದ ಮೇಲಿನ ಆ ಹಸಿರು ಏಪ್ರಿಲ್ಲಿನಲ್ಲಿ ಸಿಗುವುದಿಲ್ಲ. ಬೇಸಿಗೆಯಲ್ಲಿ ನಿಜವಾದ ನೆರಳು ಇರುವುದು ಊರ ಮುಂದಿನ ಬೇವು, ಹುಣಸೆ, ಆಲದ ಕಟ್ಟೆಗಳಲ್ಲಿ ಮತ್ತು ಗುಡಿಗಳ ಹತ್ತಿರ. ಬೆಟ್ಟದ ಬುಡದ ಊರಿನಲ್ಲಿ ಅಂಥ ಕಟ್ಟೆ ಎಲ್ಲಿದೆ ಎಂದು ಮೊದಲೇ ಗುರುತು ಮಾಡಿಕೊಳ್ಳಿ. ಇಳಿದು ಬಂದಾಗ ಬೇಕಾಗುವುದು ಅದೇ.

ಮೇಲೆ ತಂಪಿರುತ್ತದಲ್ಲ ಎಂದು ಕೇಳುತ್ತಾರೆ. ಬ್ರಿಟಿಷರು ಬಳ್ಳಾರಿ ದಂಡಿನ ಸೈನಿಕರಿಗಾಗಿ ಸಂಡೂರಿನ ಗುಡ್ಡಸಾಲಿನ ರಾಮಗಡದ ಮೇಲೆ ಆರೋಗ್ಯಧಾಮ ಮಾಡಿದ್ದರು ಎಂಬುದು ನಿಜ. ಆದರೆ 400 ಮೀಟರ್ ಮೇಲೇರಿದರೆ ಇಳಿಯುವುದು ಮೂರು-ನಾಲ್ಕು ಡಿಗ್ರಿ. ಕೆಳಗೆ 40 ಇದ್ದರೆ ಮೇಲೆ 36-37. ನೆರಳಿನಲ್ಲಿ ಕೂತವರಿಗೆ ಅದು ದೊಡ್ಡ ಸಮಾಧಾನ. ಒಳಗೆ 350 ವ್ಯಾಟ್ ಉರಿಸುತ್ತಾ ಹತ್ತುವವರಿಗೆ ಅದರಿಂದ ಆಗುವ ಉಪಕಾರ ಬಹಳ ಕಡಿಮೆ.

ಮುಹೂರ್ತ ಯಾವುದು

ಹಾಗಾದರೆ ನಾಲ್ಕು ಗಂಟೆಯ ಕತ್ತಲಲ್ಲೇ ಹತ್ತಿಬಿಡೋಣ ಅನ್ನಿಸಬಹುದು. ಬೇಡ. ಇದು ಕರಡಿಯ ಸೀಮೆ. ಬಳ್ಳಾರಿ-ಹೊಸಪೇಟೆ ನಡುವಿನ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಮಾಡಿದ್ದು ಈ ಭಾಗದ ಗುಡ್ಡಗಳಲ್ಲಿ ಕರಡಿ ಚೆನ್ನಾಗಿ ಬದುಕಿದೆ ಎಂಬ ಕಾರಣಕ್ಕೇ. ಕರಡಿ ಓಡಾಡುವುದು ರಾತ್ರಿ, ಮುಸ್ಸಂಜೆ ಮತ್ತು ನಸುಕಿನಲ್ಲಿ. ಅದಕ್ಕೆ ಕಣ್ಣು ಮಂದ, ಮೂಗು ಚುರುಕು. ಗೆದ್ದಲು ಅಗೆಯುತ್ತ ತಲೆ ತಗ್ಗಿಸಿ ನಿಂತಿರುವಾಗ ಸದ್ದಿಲ್ಲದ ಸೈಕಲ್ ಒಂದು ತಿರುವಿನಲ್ಲಿ ಹತ್ತು ಹೆಜ್ಜೆ ದೂರಕ್ಕೆ ಬಂದರೆ ಅದು ಗಾಬರಿಬಿದ್ದು ಮೇಲೆ ಬೀಳುತ್ತದೆ. ಹಾಗಾಗಿ ಬೆಳಕು ಸರಿಯಾಗಿ ಹರಿದ ಮೇಲೆ ಹೊರಡಿ, ಕಾಣದ ತಿರುವುಗಳಲ್ಲಿ ಬೆಲ್ ಹೊಡೆಯುತ್ತಾ ಹೋಗಿ, ಕಿವಿಗೆ ಇಯರ್‌ಫೋನ್ ಹಾಕಬೇಡಿ. ಕರಡಿ ಕಂಡರೆ ನಿಂತು, ಬೆನ್ನು ತೋರಿಸದೆ ನಿಧಾನ ಹಿಂದೆ ಸರಿಯಿರಿ. ಮರ ಹತ್ತುವ ಯೋಚನೆ ಬೇಡ. ಅದು ನಿಮಗಿಂತ ಚೆನ್ನಾಗಿ ಹತ್ತುತ್ತದೆ. ಮರಿಯ ಜೊತೆ ಇದ್ದರೆ ಇನ್ನೂ ದೂರ.

ಏಪ್ರಿಲ್-ಮೇನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6ರ ಆಸುಪಾಸು. ಏರಿನ ಬುಡದಲ್ಲಿ 6ಕ್ಕೆ ಚಕ್ರ ಉರುಳಬೇಕು, 8ರೊಳಗೆ ಏರು ಮುಗಿಯಬೇಕು. ಈ ಎರಡು ಗಂಟೆಯೇ ಮುಹೂರ್ತ.

ಇದರ ಅರ್ಥ, ಹಿಂದಿನ ರಾತ್ರಿ ಸಂಡೂರಿನಲ್ಲೇ ಮಲಗಬೇಕು. ಮೊದಲ ದಿನ ಬೆಳಿಗ್ಗೆ ಬೇಗ ಬಳ್ಳಾರಿ ಬಿಟ್ಟು 8-9ಕ್ಕೆ ಸಂಡೂರು ಸೇರಿ, ಇಡೀ ದಿನ ಸುಮ್ಮನಿರಿ. ಎರಡನೇ ದಿನ ಬೆಟ್ಟ. ಮೂರನೇ ದಿನ ನಸುಕಿಗೆ ವಾಪಸು. ಎರಡು ರಾತ್ರಿ ಹೆಚ್ಚಾಯಿತು ಎನ್ನುವವರು ಬಹಳ. ಆದರೆ ಬೆಟ್ಟ ಇಳಿದ ದಿನ ಸಂಜೆ 4ಕ್ಕೆ ಬಳ್ಳಾರಿಗೆ ಹೊರಟರೆ ಮೊದಲ ಒಂದು ಗಂಟೆ ಕಾದ ರಸ್ತೆ, ಕೊನೆಯ ಅರ್ಧ ಗಂಟೆ ಕತ್ತಲು, ಅದೂ ತೋರಣಗಲ್ಲಿನ ಈಚೆ ಲಾರಿಗಳ ನಡುವೆ. ಸಮಯ ಇಲ್ಲದಿದ್ದರೆ ಒಂದು ಕಡೆಗೆ ಗಾಡಿ ಮಾಡಿಕೊಂಡು ಹೋಗಿ. ಏರಿನ ಹೊತ್ತನ್ನು ಮಾತ್ರ ಬದಲಿಸಬೇಡಿ.

ವಾಪಸಾಗುವ ಗಂಟೆಯನ್ನೂ ಹಿಂದಿನ ದಿನವೇ ಬರೆದಿಡಿ. 8 ಗಂಟೆಗೆ ಎಲ್ಲೇ ಇರಲಿ, ಅಲ್ಲಿಂದ ಸೈಕಲ್ ತಿರುಗಿಸುವುದು. ಇದನ್ನು ಬೆಟ್ಟದ ಮೇಲೆ ತೀರ್ಮಾನಿಸಲು ಬಿಡಬಾರದು, ಏಕೆಂದರೆ ಮೈ ಕಾದಾಗ ಕಾಲಿಗಿಂತ ಮೊದಲು ಕೆಡುವುದು ತೀರ್ಮಾನ. ಜೊತೆಗೊಬ್ಬರಿದ್ದರೆ ‘ಮುಖ ಕೆಂಪಗಾಗಿದೆ, ಕೂತ್ಕೊ’ ಅನ್ನುತ್ತಾರೆ. ಒಬ್ಬರೇ ಇದ್ದಾಗ ಆ ಮಾತು ಚೀಟಿಯಲ್ಲಿರಬೇಕು.

ಮೈ ಪಳಗಿಸುವುದು

ಬಳ್ಳಾರಿಯವರಿಗೆ ಬಿಸಿಲು ಹೊಸದೇ ಎಂದು ಕೇಳಬಹುದು. ಬಿಸಿಲೂರಿನಲ್ಲಿ ಇರುವುದು ಬೇರೆ, ಬಿಸಿಲಲ್ಲಿ ದುಡಿಯುವುದು ಬೇರೆ. ಹೊಲದಲ್ಲಿ ಕೆಲಸ ಮಾಡುವವರ ಮೈ ಪಳಗಿರುತ್ತದೆ. ದಿನವಿಡೀ ಫ್ಯಾನು, ಎಸಿ ಕೆಳಗೆ ಕೂತವರದ್ದಲ್ಲ. ಪಳಗಲು 10ರಿಂದ 14 ದಿನ ಬೇಕು. ಮೊದಲ ದಿನ ಬಿಸಿಲೇರಿದ ಹೊತ್ತಿನಲ್ಲಿ ಅರ್ಧ ಗಂಟೆ ನಿಧಾನ ತುಳಿಯಿರಿ. ದಿನಕ್ಕೆ 10 ನಿಮಿಷ ಹೆಚ್ಚಿಸಿ. ಎರಡನೇ ವಾರದ ಹೊತ್ತಿಗೆ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಎದೆಬಡಿತ ಇಳಿಯುತ್ತದೆ. ಎರಡು ವಾರ ಬಿಟ್ಟರೆ ಗಳಿಸಿದ್ದು ಬಹುಪಾಲು ಹೋಗುತ್ತದೆ. ಹಾಗಾಗಿಯೇ ಬಿಸಿಲು ಮೊದಲ ಸಲ ಚುರುಕಾಗುವ ಮಾರ್ಚ್ ತಿಂಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹಿಂದಿನ ವಾರ ಜ್ವರ ಬಂದಿದ್ದರೆ, ಭೇದಿಯಾಗಿದ್ದರೆ, ರಾತ್ರಿ ನಿದ್ದೆ ಕೆಟ್ಟಿದ್ದರೆ ಅಥವಾ ಕುಡಿದಿದ್ದರೆ ಆ ಬೆಳಿಗ್ಗೆ ಏರು ಬೇಡ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿಯೇ ಹೊರಡಿ. ಮುಂದೆ ಹೇಳುವ ಉಪ್ಪು-ಸಕ್ಕರೆ ಲೆಕ್ಕ ಅವರಿಗೆ ಹಾಗೆಯೇ ಅನ್ವಯಿಸುವುದಿಲ್ಲ.

ನೀರು

ಎಷ್ಟು ನೀರು ಬೇಕು ಎಂಬುದನ್ನು ಇನ್ನೊಬ್ಬರು ಹೇಳಲಾರರು, ತೂಕದ ಯಂತ್ರ ಹೇಳುತ್ತದೆ. ಒಂದು ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಬಟ್ಟೆ ಆದಷ್ಟು ಕಡಿಮೆ ಮಾಡಿ ತೂಗಿಕೊಳ್ಳಿ. ಒಂದು ಗಂಟೆ ನಿಮ್ಮ ಏರಿನ ಗತಿಯಲ್ಲೇ ತುಳಿಯಿರಿ. ಕುಡಿದ ನೀರನ್ನು ಅಳೆದಿಡಿ. ಬಂದು ಬೆವರು ಒರೆಸಿಕೊಂಡು ಮತ್ತೆ ತೂಗಿ. 68.0 ಕಿಲೋ ಇದ್ದದ್ದು 67.4 ಆಗಿದೆ, ನಡುವೆ ಅರ್ಧ ಲೀಟರ್ ಕುಡಿದಿದ್ದೀರಿ ಎಂದರೆ ಹೋದ ಬೆವರು 600 ಕೂಡಿಸು 500, ಒಟ್ಟು 1,100 ಮಿಲಿಲೀಟರ್. ಇದೇ ನಿಮ್ಮ ಗಂಟೆಯ ಲೆಕ್ಕ. ಬಿಸಿಲು ಬದಲಾದಂತೆ ಬದಲಾಗುತ್ತದೆ, ಆದ್ದರಿಂದ ತಂಪಿನಲ್ಲೊಮ್ಮೆ, ಬಿಸಿಲಿನಲ್ಲೊಮ್ಮೆ ಮಾಡಿ. ಮೈತೂಕ ನೂರಕ್ಕೆ 2ಕ್ಕಿಂತ ಹೆಚ್ಚು ಇಳಿಯದ ಹಾಗೆ ನೋಡಿಕೊಳ್ಳುವುದು ಗುರಿ. 68 ಕಿಲೋದವರಿಗೆ ಅದು 1.3 ಕಿಲೋ.

ನಮ್ಮ ಸೀಮೆಯ ಒಣ ಬಿಸಿಲಿಗೆ ಒಂದು ಗುಣವೂ ಇದೆ, ಒಂದು ಮೋಸವೂ ಇದೆ. ಬೆವರು ಬಂದ ಹಾಗೇ ಆರುತ್ತದೆ, ಅದರಿಂದ ಮೈ ಚೆನ್ನಾಗಿ ತಣಿಯುತ್ತದೆ. ಕರಾವಳಿಯಲ್ಲಿ ಅದೇ ಬೆವರು ತೊಟ್ಟಿಕ್ಕಿ ದಂಡವಾಗುತ್ತದೆ. ಆದರೆ ಅಂಗಿ ಒದ್ದೆಯಾಗದ ಕಾರಣ ನಾನೇನು ಬೆವರಿಲ್ಲ ಅನ್ನಿಸುತ್ತದೆ. ಬೆನ್ನಿನ ಮೇಲೆ, ಹೆಲ್ಮೆಟ್ ಪಟ್ಟಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿದೆಯೇ ನೋಡಿ. ಅದೇ ಸಾಕ್ಷಿ.

ಎರಡು ಗಂಟೆಯ ಏರು ಮತ್ತು ಇಳಿತಕ್ಕೆ ಕುಡಿಯಲು ಎರಡು ಲೀಟರ್, ಕೈಕೊಟ್ಟರೆ ಇರಲಿ ಎಂದು ಒಂದು ಲೀಟರ್, ತಲೆಗೆ-ಕತ್ತಿಗೆ ಹಾಕಲು ಅರ್ಧ ಲೀಟರ್, ಒಟ್ಟು ಮೂರೂವರೆ. ಭಾರ ಎಂದು ಕಡಿಮೆ ಮಾಡಬೇಡಿ. ಒಂದು ಲೀಟರ್ ಹೆಚ್ಚು ಹೊತ್ತರೆ ಆ 90 ಕಿಲೋದ ಲೆಕ್ಕದಲ್ಲಿ ನೂರಕ್ಕೆ ಒಂದರಷ್ಟು ಕೆಲಸ ಹೆಚ್ಚುತ್ತದೆ, ಅಷ್ಟೇ. ಹಳ್ಳದ ನೀರು, ಕೆರೆಯ ನೀರು ತಲೆಗೆ ಹಾಕಲು ಸರಿ. ಕಾಯಿಸದೆ ಕುಡಿಯಲು ಬೇಡ.

ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ನೋಡುವವರಿಗೆ ಅದು ನೀರು ಕಡಿಮೆಯಾದಂತೆಯೇ ಕಾಣುವುದರಿಂದ ಇನ್ನಷ್ಟು ನೀರು ಕುಡಿಸುತ್ತಾರೆ, ಅಪಾಯ ಹೆಚ್ಚುತ್ತದೆ. ಆದ್ದರಿಂದ 15-20 ನಿಮಿಷಕ್ಕೊಮ್ಮೆ 150ರಿಂದ 200 ಮಿಲಿಲೀಟರ್, ಎಂದರೆ ನಾಲ್ಕೈದು ದೊಡ್ಡ ಗುಟುಕು, ಗಂಟೆಗೆ ಬೆವರಿದ್ದಕ್ಕಿಂತ ಹೆಚ್ಚಲ್ಲ. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಪೊಟ್ಟಣ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದದ್ದನ್ನೇ ಕೊಳ್ಳಿ; ಅದರಲ್ಲಿ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುತ್ತದೆ. ಮನೆಯಲ್ಲಿ ಮಾಡುವುದಾದರೆ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಕಣ್ಣಳತೆ ಬೇಡ, ಚಮಚದ ಮೇಲೆ ಬೆರಳಾಡಿಸಿ ಸಮ ಮಾಡಿ. ಪೊಟ್ಟಣವನ್ನು ಅರ್ಧ ಲೀಟರಿಗೆ ಸುರಿದು ಗಟ್ಟಿ ಮಾಡಿಕೊಂಡರೆ ಹೊಟ್ಟೆ ತೊಳಸುತ್ತದೆ.

ನೀರು ತಣ್ಣಗಿಡಲು ಮನೆಯ ಮಣ್ಣಿನ ಗಡಿಗೆಯ ಯುಕ್ತಿಯೇ ಸಾಕು. ಬಾಟಲಿಗೆ ಒಂದು ಹತ್ತಿಯ ಕಾಲುಚೀಲ ತೊಡಿಸಿ ನೆನೆಸಿ. ನಮ್ಮ ಒಣಗಾಳಿಯಲ್ಲಿ ಆ ತೇವ ಆರುವಾಗ ಬಾಟಲಿಯ ಶಾಖವನ್ನು ಎಳೆದುಕೊಳ್ಳುತ್ತದೆ. ಅರ್ಧ ಗಂಟೆಗೊಮ್ಮೆ ಮತ್ತೆ ನೆನೆಸಬೇಕು. ತಲೆಗೆ-ಕತ್ತಿಗೆ ಎಂದು ಇಟ್ಟ ಅರ್ಧ ಲೀಟರಿನಲ್ಲೇ ಇದೂ ಆಗುತ್ತದೆ. ಬಾಟಲಿ ನೆರಳು ಬೀಳುವ ಕಡೆ, ಗಾಳಿ ತಾಗುವ ಹಾಗಿರಲಿ. ಇನ್ನೊಂದು ಬಾಟಲಿಯನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿಡಿ, ಮುಕ್ಕಾಲು ಮಾತ್ರ ತುಂಬಿಸಿ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಉಬ್ಬುತ್ತದೆ, ಪೂರ್ತಿ ತುಂಬಿದರೆ ಬಾಟಲಿ ಸೀಳುತ್ತದೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದಿನ ರಾತ್ರಿ ರೊಟ್ಟಿ, ಅನ್ನ, ಸಾರು, ಮಜ್ಜಿಗೆ ಹೊಟ್ಟೆ ತುಂಬ. ಬೆಳಿಗ್ಗೆ ಏರುವ ಮುಂಚೆ ಎರಡು ಬಾಳೆಹಣ್ಣು, ನಾಲ್ಕು ಖರ್ಜೂರ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಳಿದು ಬಂದ ಮೇಲೆ. ಎಣ್ಣೆ, ಖಾರ ಹೊಟ್ಟೆಯಲ್ಲಿದ್ದರೆ ಒಂದಷ್ಟು ರಕ್ತ ಅತ್ತ ಹೋಗುತ್ತದೆ, ಚರ್ಮಕ್ಕೆ ಹೋಗಿ ಮೈ ತಣಿಸಬೇಕಾದದ್ದು ಕಡಿಮೆಯಾಗುತ್ತದೆ. ದಾರಿಯಲ್ಲಿ ಗಂಟೆಗೊಂದು ಬಾಳೆಹಣ್ಣು, ಒಂದು ಚಿಕ್ಕಿ ಸಾಕು.

ಸೈಕಲ್ಲು

ಏರಿಗೆ ಬೇಕಾದ್ದು ಸಣ್ಣ ಗೇರು. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದು ಸುತ್ತು, ಸುಮಾರು 2.1 ಮೀಟರ್ ದೂರ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7.5 ಕಿಲೋಮೀಟರ್. ಇದು ಬೇಸಿಗೆಯ ಏರಿಗೆ ಹೇಳಿ ಮಾಡಿಸಿದ ಗತಿ. ಹಳೆಯ ಸಾದಾ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಇದ್ದರೆ ಒಂದು ಸುತ್ತಿಗೆ ಐದು ಮೀಟರಿಗೂ ಹೆಚ್ಚು ಹೋಗುತ್ತದೆ. ಅದೇ ವೇಗಕ್ಕೆ ನಿಮಿಷಕ್ಕೆ 25ರಷ್ಟು ಸುತ್ತು, ಪ್ರತಿ ತುಳಿತಕ್ಕೂ ಎದ್ದು ನಿಂತು ಒತ್ತಬೇಕು. ಮೊಣಕಾಲು ನೋಯುತ್ತದೆ, ತೊಡೆಯ ಸ್ನಾಯು ಹಿಡಿಯುತ್ತದೆ. ಸಾದಾ ಸೈಕಲ್ಲೇ ಇರುವವರು ಕಡಿದಾದ ಕಡೆ ಇಳಿದು ತಳ್ಳಿ. ತಳ್ಳಿಕೊಂಡು ನಡೆದರೂ ಗಂಟೆಗೆ ನಾಲ್ಕು ಕಿಲೋಮೀಟರ್ ಸಾಗುತ್ತದೆ, ಅದಕ್ಕೆ ತಕ್ಕ ಹಾಗೆ ತಿರುಗುವ ಜಾಗವನ್ನು ಹತ್ತಿರಕ್ಕೆ ಇಟ್ಟುಕೊಳ್ಳಿ. ಗತಿ ಸರಿಯಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ: ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಹೇಳಲು ಬರಬೇಕು. ಬಾರದಿದ್ದರೆ ನಿಧಾನಿಸಿ.

ಸಂಡೂರಿನ ಧೂಳಿನ ವಿಚಾರ ಬೇರೆಯೇ ಹೇಳಬೇಕು. ಇಲ್ಲಿನ ಕೆಂಪು ಧೂಳು ಬರೀ ಮಣ್ಣಲ್ಲ, ಅದರಲ್ಲಿ ಕಬ್ಬಿಣದ ಅದಿರು ಇದೆ, ಹೆಮಟೈಟ್. ಒಡವೆಗೆ ಹೊಳಪು ಕೊಡಲು ಬಳಸುವ ನುಣ್ಣನೆಯ ಕೆಂಪು ಪುಡಿಯೂ ಇದೇ ಕಬ್ಬಿಣದ ಆಕ್ಸೈಡ್. ಚೈನಿಗೆ ಎಣ್ಣೆ ಸುರಿದು ಈ ಧೂಳಿನಲ್ಲಿ ಹೋದರೆ ಎರಡೂ ಸೇರಿ ಕೊಂಡಿಗಳ ಒಳಗೆ ಉಜ್ಜುವ ಲೇಪವಾಗುತ್ತದೆ. ಹಾಗಾಗಿ ಒಣ ಬಗೆಯ ಚೈನ್ ಎಣ್ಣೆ ಅಥವಾ ಮೇಣದ ಲೇಪ ಹಾಕಿ. ಕೊಂಡಿಗೊಂದು ಹನಿ, ಒಳಮೈಗೆ. ಹದಿನೈದು ನಿಮಿಷ ಬಿಟ್ಟು ಹೊರಗಿನದ್ದನ್ನೆಲ್ಲ ಬಟ್ಟೆಯಿಂದ ಒರೆಸಿ. ಚೈನು ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟಬಾರದು. ಚೈನು ಸವೆದಿದೆಯೇ ಎಂದು ಸ್ಟೀಲ್ ಪಟ್ಟಿಯಲ್ಲಿ ಅಳೆಯಬಹುದು. ಒಂದು ಪಿನ್ನಿನ ನಡುವಿನಿಂದ, ಅದನ್ನು ಬಿಟ್ಟು ಎಣಿಸಿ, ಮುಂದಿನ ಇಪ್ಪತ್ನಾಲ್ಕನೆಯ ಪಿನ್ನಿನ ನಡುವಿನವರೆಗೆ ಹೊಸ ಚೈನಿನಲ್ಲಿ ಸರಿಯಾಗಿ 12 ಅಂಗುಲ. ಅದು ಅಂಗುಲದ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಆಗುವವರೆಗೆ ಬಿಟ್ಟರೆ ಹಿಂಚಕ್ರದ ಫ್ರೀವೀಲಿನ ಹಲ್ಲೂ ಹೋಗಿರುತ್ತದೆ, ಏರಿನಲ್ಲಿ ಒತ್ತಿ ತುಳಿದಾಗ ಚೈನು ಹಲ್ಲು ಹಾರುತ್ತದೆ.

ಟೈರಿಗೆ ನಮ್ಮಲ್ಲಿ ದೊಡ್ಡ ಶತ್ರು ಮುಳ್ಳು. ಅಮೆರಿಕ ಖಂಡದಿಂದ ಬಂದ ಮರಕ್ಕೆ ‘ಬಳ್ಳಾರಿ ಜಾಲಿ’ ಎಂದು ನಮ್ಮೂರಿನ ಹೆಸರೇ ಅಂಟಿದೆ, ಅಷ್ಟು ಹಬ್ಬಿದೆ. ರಸ್ತೆ ಬದಿಯ ಮಣ್ಣಿಗೆ ಸೈಕಲ್ ಇಳಿಸಿದರೆ ಜಾಲಿ ಇಲ್ಲವೇ ನೆಗ್ಗಿಲು ಮುಳ್ಳು ಸಿಕ್ಕೇ ಸಿಗುತ್ತದೆ. ವಿಶ್ರಾಂತಿಗೆ ನಿಲ್ಲುವಾಗ ಸೈಕಲ್ ಎತ್ತಿಕೊಂಡು ಹೋಗಿ ಇಡಿ.

ಪಂಕ್ಚರ್ ಆದಾಗ ಆಗುವ ತಪ್ಪು ಹೀಗೆ: ಟ್ಯೂಬು ಬದಲಿಸಿ ಗಾಳಿ ಹೊಡೆದು ಹೊರಡುತ್ತಾರೆ, ಅರ್ಧ ಕಿಲೋಮೀಟರಿಗೆ ಮತ್ತೆ ಗಾಳಿ ಇಲ್ಲ. ಏಕೆಂದರೆ ಮುಳ್ಳಿನ ತುದಿ ಮುರಿದು ಟೈರಿನಲ್ಲೇ ಉಳಿದಿರುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಸರಿಯಾದ ಕ್ರಮ ಇದು. ಚಕ್ರ ಬಿಚ್ಚುವ ಮುಂಚೆ ನೆರಳಿಗೆ ಹೋಗಿ. ಟೈರನ್ನು ವಾಲ್ವಿನ ಎದುರುಗಡೆಯಿಂದ ಒಂದೇ ಬದಿ ಬಿಚ್ಚಿ. ಟ್ಯೂಬು ಹೊರತೆಗೆಯುವಾಗ ಯಾವ ಮಗ್ಗುಲು ಎಡಕ್ಕಿತ್ತು ಎಂದು ನೆನಪಿಡಿ. ಗಾಳಿ ತುಂಬಿಸಿ ತುಟಿಯ ಹತ್ತಿರ ಹಿಡಿದು ಸುತ್ತಿಸಿ. ತುಟಿಗೆ ಸಣ್ಣ ಗಾಳಿಯೂ ತಿಳಿಯುತ್ತದೆ. ತೂತು ಸಿಕ್ಕಿತೇ, ಟ್ಯೂಬನ್ನು ಟೈರಿನ ಮೇಲೆ ಹಾಗೆಯೇ ಹೊಂದಿಸಿ, ಅದೇ ಜಾಗದಲ್ಲಿ ಟೈರಿನ ಒಳಮೈ ನೋಡಿ. ಬರಿಗೈ ಹಾಕಿ ಎಳೆದರೆ ಬೆರಳು ಸೀಳುತ್ತದೆ. ಕರವಸ್ತ್ರದ ತುದಿಯನ್ನು ಒಳಗೆ ಎಳೆಯಿರಿ, ದಾರ ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಹೊರಗಿನಿಂದ ಟೈರು ಬಾಗಿಸಿ, ತುದಿ ಹೊರಬಂದಾಗ ಉಗುರು ಕತ್ತರಿಯಿಂದಲೋ ಚಿಮಟದಿಂದಲೋ ಕೀಳಿ. ಆಮೇಲೆ ಹೊಸ ಟ್ಯೂಬು. ಸಲ್ಯೂಷನ್ ಹಚ್ಚಿ ಪ್ಯಾಚ್ ಹಾಕುವುದಾದರೆ ಸಲ್ಯೂಷನ್ ಮಂಕಾಗಿ ಆರುವವರೆಗೆ ಕಾಯಬೇಕು, ಹಸಿಯಿದ್ದಾಗ ಒತ್ತಿದರೆ ಹಿಡಿಯುವುದಿಲ್ಲ. ಒಮ್ಮೆ ತೆರೆದ ಸಲ್ಯೂಷನ್ ಟ್ಯೂಬು ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ. ತೆರೆಯದ ಒಂದನ್ನು, ಎರಡು ಹೊಸ ಟ್ಯೂಬುಗಳನ್ನು ಜೊತೆಗಿಡಿ.

ಬಿಸಿಲಿಗೆ ಗಾಳಿ ಉಬ್ಬಿ ಟೈರು ಸಿಡಿಯುತ್ತದೆ ಎಂದು ಅರ್ಧ ಗಾಳಿ ಇಳಿಸಿ ಹೊರಡುವವರಿದ್ದಾರೆ. ಲೆಕ್ಕ ನೋಡಿ: 25 ಡಿಗ್ರಿಯಲ್ಲಿ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆದ ಟೈರು 60 ಡಿಗ್ರಿಗೆ ಕಾದರೂ 69ರ ಹತ್ತಿರ ಬರುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠಕ್ಕಿಂತ ಹತ್ತು ಕಡಿಮೆ ಹೊಡೆದರೆ ಸಾಕು. ಗಾಳಿ ತೀರಾ ಕಡಿಮೆ ಮಾಡಿದರೆ ಕಲ್ಲಿಗೆ ಬಡಿದಾಗ ರಿಮ್ಮಿಗೂ ನೆಲಕ್ಕೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತಾಗುತ್ತದೆ. ಟೈರು ನಿಜವಾಗಿ ಸಿಡಿಯುವುದು ಪಕ್ಕದ ದಾರ ಸವೆದಿದ್ದರೆ, ಟೈರು ರಿಮ್ಮಿನಲ್ಲಿ ಸರಿಯಾಗಿ ಕೂರದಿದ್ದರೆ, ಅಥವಾ ಇಳಿಜಾರಿನಲ್ಲಿ ಬ್ರೇಕಿನಿಂದ ರಿಮ್ ಕಾದರೆ.

ಇಳಿಯುವುದು

ಏರುವಾಗ ಗಳಿಸಿದ ಆ 3,53,000 ಜೂಲ್ ಇಳಿಯುವಾಗ ಎಲ್ಲಿಗೋ ಹೋಗಬೇಕಲ್ಲ. ಒಂದಷ್ಟು ಗಾಳಿಗೆ, ಉಳಿದದ್ದು ಬ್ರೇಕಿಗೆ. ಹೆದರಿಕೆಯಿಂದ ಬ್ರೇಕನ್ನು ಬಿಡದೆ ಹಿಡಿದು ನಿಧಾನ ಇಳಿದರೆ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿಗೇ. ಸರಿಯಾದ ರೀತಿ: ನೇರ ದಾರಿಯಲ್ಲಿ ಸ್ವಲ್ಪ ಓಡಲು ಬಿಟ್ಟು, ತಿರುವಿನ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡುವುದು. ನಡುವೆ ಗಾಳಿ ತಾಗಿ ರಿಮ್ ತಣಿಯುತ್ತದೆ. ಎರಡು ಕಿಲೋಮೀಟರಿಗೊಮ್ಮೆ ನಿಂತು ರಿಮ್ಮಿನ ಹತ್ತಿರ ಬೆರಳು ತನ್ನಿ, ಝಳ ಹೊಡೆದರೆ ಐದು ನಿಮಿಷ ಕಾಯಿರಿ. ಡಿಸ್ಕ್ ಬ್ರೇಕಿನ ತಟ್ಟೆಯನ್ನು ಮುಟ್ಟಲೇಬೇಡಿ, ಕಾದ ತಟ್ಟೆಗೆ ನೀರೂ ಹಾಕಬೇಡಿ. ಬ್ರೇಕ್ ರಬ್ಬರಿನ ಗೆರೆ ಅಳಿಸಿದ್ದರೆ ಹೊರಡುವ ಮುಂಚೆಯೇ ಬದಲಿಸಿ. ರಬ್ಬರಿನಲ್ಲಿ ಅದಿರಿನ ಹರಳು ಕೂತಿದ್ದರೆ ರಿಮ್ಮನ್ನು ಗೀರುತ್ತದೆ, ಸೂಜಿಯಿಂದ ಕೀಳಿ.

ಮೇಲೆ ತಲುಪಿದ ತಕ್ಷಣ ಇಳಿಯಬೇಡಿ. ಕಾದು ದಣಿದ ಮೈಯಲ್ಲಿ ಕೈ ತಡವಾಗಿ ಓಡುತ್ತದೆ. ಕನಿಷ್ಠ 20 ನಿಮಿಷ ನೆರಳಿನಲ್ಲಿ ಕೂತು, ಕುಡಿದು, ಎದೆಬಡಿತ ಇಳಿದ ಮೇಲೆ ಹೊರಡಿ. ತಿರುವುಗಳ ಒಳಬದಿಯಲ್ಲಿ ಲಾರಿಗಳಿಂದ ಉದುರಿದ ಅದಿರಿನ ಹರಳು ಗೋಲಿಗಳ ಹಾಗೆ ಹರಡಿರುತ್ತವೆ. ಅದರ ಮೇಲೆ ಬಾಗಿದರೂ ಜಾರುತ್ತದೆ, ಬ್ರೇಕ್ ಹಿಡಿದರೂ ಜಾರುತ್ತದೆ. ಲಾರಿ ಬಂದರೆ ಪೂರ್ತಿ ಬದಿಗೆ ನಿಂತು, ಧೂಳು ಅಡಗಿದ ಮೇಲೆ ಹೊರಡಿ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ಗಣಿಯ ದಾರಿಗೆ, ಕಾಯ್ದಿಟ್ಟ ಅರಣ್ಯದ ಒಳದಾರಿಗೆ ಅನುಮತಿ ಇಲ್ಲದೆ ಇಳಿಯಬಾರದು. ಗಂಡಿಗಳ, ಎಂದರೆ ಗುಡ್ಡಗಳ ನಡುವಿನ ಇಕ್ಕಟ್ಟು ಸಂದುಗಳ, ಬಂಡೆಗೋಡೆಗಳ ಕೆಳಗೆ ಹೋಗುವಾಗ ಹೆಜ್ಜೇನು ಕಟ್ಟಿದೆಯೇ ಎಂದು ತಲೆಯೆತ್ತಿ ನೋಡಿ, ಇದ್ದರೆ ಅಲ್ಲಿ ನಿಲ್ಲಬೇಡಿ. ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಅಲ್ಲಿಂದ ದೂರ ಹೋಗಿ. ಒಣ ತರಗೆಲೆಯ ಕಾಡಿನಲ್ಲಿ ಬೀಡಿ, ಒಲೆ ಯಾವುದೂ ಬೇಡ.

ಮೈ ಕೆಟ್ಟಾಗ

ಮೊದಲು ಕಾಣುವುದು ತೊಡೆ, ಮೀನಖಂಡ ಹಿಡಿಯುವುದು. ನಿಂತು, ನೀವಿ, ಓಆರ್‌ಎಸ್ ಕುಡಿಯಿರಿ. ಎರಡನೆಯದು ತಲೆ ಸುತ್ತುವುದು, ವಾಕರಿಕೆ, ನಿಶ್ಶಕ್ತಿ. ಆಗ ಆ ದಿನದ ಸವಾರಿ ಮುಗಿಯಿತು. ನೆರಳಿಗೆ ಹೋಗಿ, ಕಾಲು ಎತ್ತರಿಸಿ ಮಲಗಿ, ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿಕೊಳ್ಳಿ, ಯಾರಿಗಾದರೂ ಫೋನ್ ಮಾಡಿ ಎಲ್ಲಿದ್ದೀರಿ ಹೇಳಿ. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ 108.

ಮೂರನೆಯದು ಬಿಸಿಲ ಹೊಡೆತ. ಒಳಗಿನ ಶಾಖ 40 ಡಿಗ್ರಿ ದಾಟಿ ಮಿದುಳು ಕೆಡುತ್ತದೆ: ತೊದಲು, ತಡವರಿಕೆ, ಸಿಟ್ಟು, ಎಲ್ಲಿದ್ದೇನೆ ಎಂದು ತಿಳಿಯದಿರುವುದು. ಬೆವರು ನಿಂತರಷ್ಟೇ ಬಿಸಿಲ ಹೊಡೆತ ಎಂಬುದು ತಪ್ಪು ತಿಳಿವಳಿಕೆ. ದುಡಿಯುವಾಗ ಬರುವ ಹೊಡೆತದಲ್ಲಿ ಮೈ ತೊಯ್ದೇ ಇರಬಹುದು. ದಾರಿಯಲ್ಲಿ ಇನ್ನೊಬ್ಬರನ್ನು ಹೀಗೆ ಕಂಡರೆ ಗಾಡಿ ಬರಲಿ ಎಂದು ಕಾಯಬೇಡಿ. 108ಕ್ಕೆ ಹೇಳುತ್ತಲೇ ತಣಿಸಲು ಶುರುಮಾಡಿ. ತೊಟ್ಟಿ ಇದ್ದರೆ ತಲೆ ಹಿಡಿದುಕೊಂಡು ಕತ್ತಿನವರೆಗೆ ನೀರಲ್ಲಿ ಕೂರಿಸಿ. ಇಲ್ಲದಿದ್ದರೆ ಮೈಯೆಲ್ಲ ನೀರು ಸುರಿದು ಜೋರಾಗಿ ಗಾಳಿ ಬೀಸಿ. ಮೊದಲ ಅರ್ಧ ಗಂಟೆ ಬಹಳ ಮುಖ್ಯ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ, ಇದು ಜ್ವರವಲ್ಲ.

ಒಬ್ಬರೇ ಇದ್ದಾಗ ಮೂರನೆಯ ಹಂತದಲ್ಲಿ ನಿಮಗೆ ನೀವು ಏನೂ ಮಾಡಿಕೊಳ್ಳಲಾರಿರಿ. ಎರಡನೆಯದರಲ್ಲೇ ನಿಲ್ಲಬೇಕು ಎನ್ನುವುದು ಅದಕ್ಕೆ. ಹೊರಡುವ ಮುಂಚೆ ಮನೆಯವರಿಗೆ ಮತ್ತು ತಂಗಿದ ಕಡೆಯವರಿಗೆ ಚೀಟಿ ಕೊಡಿ: ಯಾವ ದಾರಿ, ಎಷ್ಟಕ್ಕೆ ಹೊರಟೆ, ಎಷ್ಟಕ್ಕೆ ಕೆಳಗಿರುತ್ತೇನೆ, ಎಷ್ಟು ಗಂಟೆಯವರೆಗೆ ಫೋನ್ ಬಾರದಿದ್ದರೆ 112ಕ್ಕೆ ಹೇಳಬೇಕು. ಗುಡ್ಡದ ಮಡಿಲಲ್ಲಿ ಸಿಗ್ನಲ್ ಹೋಗುತ್ತದೆ, ಆದ್ದರಿಂದ ಕೊನೆಯದಾಗಿ ಸಿಗ್ನಲ್ ಸಿಕ್ಕ ಕಡೆ ಒಂದು ಮೆಸೇಜ್ ಹಾಕಿ ಮುಂದುವರಿಯಿರಿ. ಫೋನನ್ನು ಹ್ಯಾಂಡಲ್ ಮೇಲೆ ಬಿಸಿಲಿಗೆ ಕಟ್ಟಿದರೆ ಕಾದು ತಾನೇ ಆಫ್ ಆಗುತ್ತದೆ. ಚೀಲದೊಳಗೆ, ಒಣ ಬಟ್ಟೆಯಲ್ಲಿ ಸುತ್ತಿಡಿ.

ಇಳಿದು ಬಂದು ಕಟ್ಟೆಯ ನೆರಳಿನಲ್ಲಿ ಕೂತಾಗ ಮೊದಲು ಆ ಚೀಟಿಯವರಿಗೆ ಫೋನ್ ಮಾಡಿ. ಆಮೇಲೆ ಮಜ್ಜಿಗೆ. ತಂಗಿದ ಕಡೆ ತಕ್ಕಡಿ ಸಿಕ್ಕರೆ ತೂಗಿಕೊಂಡು, ಎಷ್ಟು ಇಳಿದಿದೆ, ಎಷ್ಟು ಕುಡಿದಿದ್ದೀರಿ, ಆ ಬೆಳಿಗ್ಗೆ ಉಷ್ಣಾಂಶ ಎಷ್ಟಿತ್ತು ಎಂದು ಚೀಟಿಯ ಹಿಂಬದಿಗೆ ಬರೆದುಕೊಳ್ಳಿ. ಸಂಜೆ ತಂಪಾದ ಮೇಲೆ ಚೈನನ್ನು ಒಣ ಬಟ್ಟೆಯಲ್ಲಿ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ. ಬಟ್ಟೆ ಕೆಂಪಾಗುವುದು ನಿಲ್ಲುವವರೆಗೆ ಒರೆಸಬೇಕು, ಎಣ್ಣೆ ಅದಾದ ಮೇಲೆ.